ನಮ್ಮ ಚಿತ್ರ ಯಾರ ವಶದಲ್ಲಿ?

ಸಕಲೇಶಪುರದ ಬಳಿಯ ಮಂಜರಾಬಾದ್ ಕೋಟೆಯು ಟಿಪ್ಪು ಸುಲ್ತಾನನ ಕಾಲದ್ದು; ಆಕಾರದಲ್ಲಿ ನಕ್ಷತ್ರದಂತಿದೆ. ಆಲೂರಿನ ಕಡೆಯ ವಿದ್ಯಾರ್ಥಿಯೊಬ್ಬನು ಗೆಳೆಯನೊಡನೆ ಅಲ್ಲಿಗೆ ಹೋಗಿ, ಮೊಬೈಲಿನಿಂದ ಇಬ್ಬರ ಚಿತ್ರವನ್ನೂ ತೆಗೆದು ಇನ್‌ಸ್ಟಾಗ್ರಾಮಿನಲ್ಲಿ ಪ್ರಕಟಿಸಿದನೆನ್ನೋಣ. ಗೆಳೆಯನಿಗೆ ಅದು ಹಿಡಿಸಲಿಲ್ಲ. ಮರುದಿನ ಚಿತ್ರವನ್ನು ಅಳಿಸಿದುದಾಯಿತು. ಅದು ನಿಜವಾಗಿ ಅಳಿಯಿತೆ?

ಹಿಂದಿನ ಛಾಯಾಚಿತ್ರಕ್ಕೆ ನೆಗೆಟಿವ್ ಒಂದೇ ಮೂಲ. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಪ್ರತಿಯಿಂದ ಪ್ರತಿ ತೆಗೆಯುವುದೊಂದೇ ದಾರಿ. ಹಾಗೆ ತೆಗೆದಂತೆಲ್ಲ ವಿವರಗಳು ಮಾಸುತ್ತಿದ್ದವು. ಇಂದಿನ ಚಿತ್ರವಾದರೋ ಅಂಕಿಗಳ ಪಟ್ಟಿ. 1 ಕೋಟಿ 20 ಲಕ್ಷ ಬಿಂದುಗಳ ಚಿತ್ರದಲ್ಲಿ ಪ್ರತಿ ಬಿಂದುವಿನ ಕೆಂಪು, ಹಸಿರು, ನೀಲಿ ಬೆಳಕಿನ ಪ್ರಮಾಣವನ್ನು ಸಾಮಾನ್ಯವಾಗಿ 0ಯಿಂದ 255ರ ವರೆಗಿನ ಮೂರು ಸಂಖ್ಯೆಗಳು ಸೂಚಿಸುತ್ತವೆ. ಸಂಖ್ಯೆಗಳನ್ನು ನಕಲು ಮಾಡುವಾಗ ಮಾಸುವುದೇನಿದೆ? ನೂರನೆಯ ಪ್ರತಿಯೂ ಮೂಲದಂತೆಯೇ ಇರಬಲ್ಲದು.

ಸ್ಥಳವನ್ನು ದಾಖಲಿಸಲು ಕ್ಯಾಮರಾಕ್ಕೆ ಅನುಮತಿ ಕೊಟ್ಟಿದ್ದರೆ, ಚಿತ್ರದ ಕಡತದಲ್ಲಿ ಅಕ್ಷಾಂಶ, ರೇಖಾಂಶ, ವೇಳೆಗಳೂ ಸೇರಿರುತ್ತವೆ. ಅಕ್ಷಾಂಶದ ಒಂದು ಡಿಗ್ರಿಯ 3,600ನೆಯ ಒಂದು ಭಾಗವೆಂದರೆ ನೆಲದ ಮೇಲೆ ಸುಮಾರು 31 ಮೀಟರ್. ಕಾಫಿ ತೋಟದ ಒಂಟಿ ಮನೆಯನ್ನು ಗುರುತಿಸಲು ಇಷ್ಟೇ ಸಾಕಲ್ಲವೆ? ಕಡತದ ಇಂತಹ ವಿವರಗಳನ್ನು ಸಂಗ್ರಹಿಸುವುದಾಗಿ ಸಂಸ್ಥೆಯ ಗೌಪ್ಯತಾ ನೀತಿಯೇ ತಿಳಿಸುತ್ತದೆ.

ಇನ್ನು ಬಳಕೆಯ ಷರತ್ತುಗಳನ್ನು ನೋಡೋಣ. ಚಿತ್ರದ ಒಡೆತನ ನಮ್ಮದೇ. ಆದರೆ ಅದನ್ನು ಜಗತ್ತಿನ ಯಾವ ಭಾಗದಲ್ಲಿಯೂ, ಸಂಭಾವನೆಯಿಲ್ಲದೆ, ಇಡಲು, ತೋರಿಸಲು, ನಕಲು ಮಾಡಲು ನಾವು ಅನುಮತಿ ಕೊಟ್ಟಿರುತ್ತೇವೆ. ಚಿತ್ರವು ಸಂಸ್ಥೆಯ ಯಂತ್ರಗಳಿಂದ ಅಳಿದಾಗ ಆ ಅನುಮತಿಯು ಮುಗಿಯುತ್ತದೆ. ಅನ್ಯರು ಇಳಿಸಿಕೊಂಡ ಪ್ರತಿಗಳು ಹಾಗೆಯೇ ಉಳಿಯುತ್ತವೆ. 2012ರ ಡಿಸೆಂಬರಿನಲ್ಲಿ, ಬಳಕೆದಾರರ ಚಿತ್ರಗಳನ್ನು ಜಾಹೀರಾತಿಗೆ ಬಳಸಬಹುದೆಂಬ ಅರ್ಥ ಬರುವ ಷರತ್ತನ್ನು ಇನ್‌ಸ್ಟಾಗ್ರಾಮ್ ಪ್ರಕಟಿಸಿತು. ಜನರು ಪ್ರತಿಭಟಿಸಲು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಷರತ್ತುಗಳನ್ನು ಓದುವವರಿದ್ದರೆ ಫಲವುಂಟು ಎಂಬುದಕ್ಕೆ ಇದು ಸಾಕ್ಷಿ.

ಕಾನೂನಿನ ರಕ್ಷಣೆಯೂ ಇಲ್ಲದಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಸಾರಿತು. ವೈಯಕ್ತಿಕ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನು 2023ರ ಕಾಯಿದೆಯು ವಿಧಿಸಿದೆ. ಹದಿನೆಂಟು ತುಂಬದವರ ಮಾಹಿತಿಗೆ ತಂದೆತಾಯಿಗಳ ಅಥವಾ ಪೋಷಕರ ಒಪ್ಪಿಗೆಯನ್ನೂ ಬಯಸುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ವಿಧಿಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು ಗೊತ್ತುಮಾಡಲಾಯಿತು. ಆದರೆ ಓದುಗರು ಒಂದನ್ನು ಗಮನಿಸಬೇಕು: ವ್ಯಕ್ತಿಯು ತಾನಾಗಿಯೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ.

ಆದುದರಿಂದ ಒಡೆತನವೇ ಬೇರೆ, ಹತೋಟಿಯೇ ಬೇರೆ. ಚಿತ್ರವು ನಮ್ಮ ಕೈಯಲ್ಲಿರುವವರೆಗೆ ಮಾತ್ರ ಹತೋಟಿಯು ಪೂರ್ಣವಾಗಿ ನಮ್ಮದು. ಕ್ಯಾಮರಾಕ್ಕೆ ಕೊಟ್ಟ ಸ್ಥಳದ ಅನುಮತಿಯನ್ನು ತೆಗೆದುಹಾಕುವುದು, ಖಾತೆಯನ್ನು ಪರಿಚಿತರಿಗಷ್ಟೇ ತೆರೆದಿಡುವುದು ಅರೆಗಳಿಗೆಯ ಕೆಲಸ. ಅದಕ್ಕಿಂತ ಸುಲಭವಾದುದು, ಪಕ್ಕದಲ್ಲಿ ನಿಂತ ಗೆಳೆಯನನ್ನು ಮೊದಲೇ ಒಂದು ಮಾತು ಕೇಳುವುದು. ಮುಖ ಅವನದಲ್ಲವೆ?