ಕೊಲ್ಮೊಗೊರೊವ್ ಶಾಲೆ
ಕೊಲ್ಮೊಗೊರೊವ್ ಶಾಲೆಯು ಪ್ರೌಢಶಾಲೆಯ ಕೊನೆಯ ತರಗತಿಗಳ ವಿದ್ಯಾರ್ಥಿಗಳಿಗೆ ಉನ್ನತ ಗಣಿತ ಮತ್ತು ಭೌತಶಾಸ್ತ್ರವನ್ನು ಬೋಧಿಸುವ ಮಾಸ್ಕೋದ ವಸತಿಶಾಲೆ. ಗಣಿತಜ್ಞ ಆಂದ್ರೇ ಕೊಲ್ಮೊಗೊರೊವ್, ಭೌತವಿಜ್ಞಾನಿ ಐಸಾಕ್ ಕಿಕೋಯಿನ್ ಮೊದಲಾದವರ ಪ್ರಯತ್ನದಿಂದ ಇದು 1963ರಲ್ಲಿ ಆರಂಭವಾಯಿತು. ವಿಶ್ವವಿದ್ಯಾಲಯದ ಗಣಿತಕೂಟಗಳು ಮಾಸ್ಕೋದ ಮಕ್ಕಳಿಗೆ ಸಮೀಪದಲ್ಲಿದ್ದವು. ದೂರದ ಊರುಗಳ ಮಕ್ಕಳಿಗೆ ಅಂತಹ ಅವಕಾಶವಿರಲಿಲ್ಲ. ಆ ಕೊರತೆಯನ್ನು ನೀಗಿಸಲೆಂದೇ ಶಾಲೆಯನ್ನು ಸ್ಥಾಪಿಸಲಾಯಿತು. ಆಧುನಿಕ ಸಂಭವನೀಯತಾ ಸಿದ್ಧಾಂತಕ್ಕೆ ತಳಹದಿ ಹಾಕಿದ ಕೊಲ್ಮೊಗೊರೊವ್ ಸ್ವತಃ ಹಲವು ವರ್ಷ ಇಲ್ಲಿ ಪಾಠ ಹೇಳಿದರು. ಸಂಗೀತ, ಸಾಹಿತ್ಯಗಳನ್ನೂ ವಿದ್ಯಾರ್ಥಿಗಳಿಗೆ ಪರಿಚಯಿಸಿದರು.

ಮೊದಲ ವರ್ಷಗಳ ವಿದ್ಯಾರ್ಥಿಗಳಲ್ಲಿ ಯೂರಿ ಮತಿಯಾಸೆವಿಚ್ ಒಬ್ಬರು (ಅವರು ಬಂದದ್ದು ಮಾತ್ರ ಮಹಾನಗರವಾದ ಲೆನಿನ್‌ಗ್ರಾಡಿನಿಂದ). ಯಾವುದೇ ಬಹುಪದ ಸಮೀಕರಣಕ್ಕೆ ಪೂರ್ಣಾಂಕ ಪರಿಹಾರವಿದೆಯೇ ಎಂದು ತೀರ್ಮಾನಿಸುವ ಸಾರ್ವತ್ರಿಕ ಕ್ರಮವಿಧಿಯನ್ನು ಹಿಲ್ಬರ್ಟ್ 1900ರಲ್ಲಿ ಕೇಳಿದ್ದರು. ಅಮೆರಿಕದ ಮೂವರು ಗಣಿತಜ್ಞರ ಹಿಂದಿನ ಕೆಲಸವನ್ನು ಪೂರ್ಣಗೊಳಿಸಿ, ಅಂತಹ ಕ್ರಮವಿಧಿ ಇರಲಾರದೆಂದು ಮತಿಯಾಸೆವಿಚ್ 1970ರಲ್ಲಿ ಸಾಧಿಸಿದರು. ಆಗ ಅವರಿಗೆ 22 ವರ್ಷ.