ಮೇಷ್ಟರಾಗಲು ಎಷ್ಟು ವರ್ಷ?

ಅರ್ಥಶಾಸ್ತ್ರವನ್ನು ಓದಿ ಹೈಸ್ಕೂಲಿನಲ್ಲಿ ಪಾಠ ಹೇಳಬೇಕೆಂದು ಹಂಬಲಿಸುವ ಹುಡುಗಿಯ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ವರ್ಷಗಳದು. ಬಿ.ಎ.ಗೆ ಮೂರು ವರ್ಷ; ಹಿಂದೆ ಒಂದೇ ವರ್ಷವಿದ್ದ ಬಿ.ಎಡ್. 2015ರಿಂದ ಎರಡಾಯಿತು. ಅಲ್ಲಿಗೆ ಐದು. ಎರಡನ್ನೂ ಒಂದಾಗಿ ಹೆಣೆದ ಬಿ.ಎ.ಬಿ.ಎಡ್. ಆದರೆ ನಾಲ್ಕೇ ವರ್ಷ. ಉಳಿಯುವ ಆ ಒಂದು ವರ್ಷ ಅಲ್ಪವೇನಲ್ಲ. ಕಟ್ಟುವ ಶುಲ್ಕವಷ್ಟೇ ಅಲ್ಲ, ಕೈಬಿಟ್ಟ ಸಂಬಳವೂ ಓದಿನ ವೆಚ್ಚವೇ ಎಂದು ಆಕೆ ಓದಲಿರುವ ಶಾಸ್ತ್ರವೇ ಹೇಳುತ್ತದೆ.

ಈ ಹೆಣಿಗೆ ಹೊಸದೂ ಅಲ್ಲ. ಮೈಸೂರಿನಲ್ಲಿ 1963ರಲ್ಲಿ ತೆರೆದ ಪ್ರಾದೇಶಿಕ ಶಿಕ್ಷಣ ಕಾಲೇಜು ವಿಜ್ಞಾನದಲ್ಲಿ ಇಂಥ ನಾಲ್ಕು ವರ್ಷದ ಪದವಿಯನ್ನು ಅಂದೇ ನಡೆಸಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹಿಡಿದದ್ದೂ ಅದೇ ದಾರಿಯನ್ನು.

ಆದರೆ ಲೆಕ್ಕಕ್ಕೆ ಇನ್ನೊಂದು ಮಗ್ಗುಲುಂಟು. ಹೈಸ್ಕೂಲಿನಲ್ಲಿ ಅರ್ಥಶಾಸ್ತ್ರವು ಸಮಾಜ ವಿಜ್ಞಾನದ ಒಂದು ಭಾಗ ಮಾತ್ರ. ಬೇಡಿಕೆ, ಬ್ಯಾಂಕು ಎನ್ನುವ ಬಾಯಿಯೇ ಅಶೋಕನನ್ನೂ ಮುಂಗಾರನ್ನೂ ಬಣ್ಣಿಸಬೇಕು. ಪಿ.ಯು.ಸಿ. ಮುಗಿದೊಡನೆ ಹದಿನೆಂಟರ ಹರೆಯದಲ್ಲೇ ವೃತ್ತಿಯನ್ನು ಗೊತ್ತುಮಾಡಿಕೊಳ್ಳುವುದು ಎಲ್ಲರಿಗೂ ಒಗ್ಗುವುದೆ? ಮನಸ್ಸು ತೂಗುಯ್ಯಾಲೆಯಲ್ಲಿದ್ದರೆ ಐದು ವರ್ಷದ ದಾರಿಯೇ ಅಗ್ಗವೆನ್ನಬೇಕು. ಮೂರನೆಯ ವರ್ಷದ ಕೊನೆಗೆ ಬೇರೆಡೆ ತಿರುಗಲು ಅಲ್ಲೊಂದು ಕವಲಿದೆ.

ಅರ್ಜಿ ತುಂಬುವ ಮುನ್ನ ಆ ಹುಡುಗಿ, ಒಪ್ಪಿಗೆ ಪಡೆದು, ಊರಿನ ಯಾವುದಾದರೂ ಶಾಲೆಯ ಎಂಟನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ದಿನ ಕುಳಿತು ಬರಲಿ.