ಮನೆಯ ಸಾಬೂನು: ಮೊದಲ ಪಾಕ ಕೆಟ್ಟರೆ ಕೈಬಿಡಬೇಡಿ

ಅಡಿಕೆ ಸುಲಿತದ ಕಾಲದಲ್ಲಿ ನಮ್ಮ ಮನೆಗಳಲ್ಲಿ ಸಾಬೂನು ಎಷ್ಟಿದ್ದರೂ ಸಾಲದು. ಸುಲಿಯುವವರ ಕೈಗೆ ಚೊಗರು, ತೋಟದಿಂದ ಬಂದವರ ಕೈಗೆ ಮಣ್ಣು, ಪಂಪುಸೆಟ್ಟು ಬಿಚ್ಚಿದವರ ಕೈಗೆ ಗ್ರೀಸು. ಇತ್ತ ಮನೆಯ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಆಡಿಸಿದ ಎಣ್ಣೆ ಡಬ್ಬದಲ್ಲಿರುತ್ತದೆ. ಬದುವಿನ ಹೊಂಗೆಮರದ ಕೆಳಗೆ ಬೀಜ ಬಿದ್ದು ಹಾಳಾಗುತ್ತಿರುತ್ತದೆ. ಹೀಗಿರುವಾಗ ಸಾಬೂನನ್ನು ನಾವೇ ಏಕೆ ಮಾಡಿಕೊಳ್ಳಬಾರದು ಎಂಬ ಯೋಚನೆ ಬರುವುದು ಸಹಜ. ದೊಡ್ಡಬಳ್ಳಾಪುರದ ಕಡೆಯ ನಮ್ಮ ಮನೆಯಲ್ಲಿಯೂ ಬಂದಿತು. ಮಾಡಿ ನೋಡಿದೆವು. ಮೊದಲ ಪಾಕ ಕೆಟ್ಟಿತು, ಎರಡನೆಯದು ಅಷ್ಟಕ್ಕಷ್ಟೆ, ಮೂರನೆಯದು ಕೈಗೆ ಹತ್ತಿತು. ಕೆಟ್ಟದ್ದು ಏಕೆ ಕೆಟ್ಟಿತು, ಅದನ್ನು ಎಸೆಯದೆ ಹೇಗೆ ಸರಿಪಡಿಸಿದೆವು ಎಂಬುದನ್ನು ಸದಸ್ಯ ಬಂಧುಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಈ ವಿದ್ಯೆ ನಮಗೆ ಹೊಸದಲ್ಲ

ಸಾಬೂನು ಬರುವ ಮೊದಲು ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ರೇಷ್ಮೆ ಬಟ್ಟೆಗೆ ಅಂಟುವಾಳ, ಅಗಸರ ಗಂಟಿಗೆ ಚೌಳುಮಣ್ಣು, ಹೀಗೆ ಒಂದೊಂದಕ್ಕೂ ಒಂದೊಂದು ಇತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾಗಿ ಮೈಸೂರಿನ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಾಗ, ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಏರ್ಪಾಡಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲ ಅದು. ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಆ ಎಣ್ಣೆಯನ್ನು ಸಾಬೂನಿಗೆ ಕೂಡಿಸಿದರು. 1918ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಆ ಕಾರ್ಖಾನೆಯೇ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವಾಯಿತು.

ದೊಡ್ಡಬಳ್ಳಾಪುರದಂಥ ನೇಕಾರರ ಊರಿಗೂ ಸಾಬೂನಿನ ಗುಣ ಗೊತ್ತು. ಕಚ್ಚಾ ರೇಷ್ಮೆ ನೂಲನ್ನು ಸಾಬೂನು, ಸೋಡ ಹಾಕಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸಿದ ಮೇಲೆಯೇ ಅದಕ್ಕೆ ಹೊಳಪು ಬರುವುದು, ಬಣ್ಣ ಹತ್ತುವುದು.

ಎಣ್ಣೆ ಸಾಬೂನಾಗುವ ಬಗೆ

ಎಣ್ಣೆಗೆ ಕಾಸ್ಟಿಕ್ ಸೋಡದ ನೀರು ಬೆರೆತರೆ ಎರಡೂ ತಮ್ಮ ಗುಣ ಬಿಟ್ಟು ಸಾಬೂನು ಮತ್ತು ಗ್ಲಿಸರಿನ್ ಆಗುತ್ತವೆ. ಯಾವ ಎಣ್ಣೆಗೆ ಎಷ್ಟು ಕಾಸ್ಟಿಕ್ ಎಂಬುದಕ್ಕೆ ಲೆಕ್ಕವಿದೆ. ಒಂದು ಕಿಲೋ ತೆಂಗಿನೆಣ್ಣೆಗೆ ಸುಮಾರು 180 ಗ್ರಾಂ, ಕಡಲೆಕಾಯಿ ಎಣ್ಣೆಗೆ 135, ಹೊಂಗೆ ಎಣ್ಣೆಗೆ 132, ಹರಳೆಣ್ಣೆಗೆ 128 ಗ್ರಾಂ. ಕಾಸ್ಟಿಕ್ ಹೆಚ್ಚಾದರೆ ಚರ್ಮ ಸುಡುತ್ತದೆ. ಕಡಿಮೆಯಾದರೆ ಎಣ್ಣೆ ಉಳಿಯುತ್ತದೆ. ಆದುದರಿಂದ ಲೆಕ್ಕಕ್ಕಿಂತ ನೂರಕ್ಕೆ ಐದು ಪಾಲು ಕಡಿಮೆ ಕಾಸ್ಟಿಕ್ ಹಾಕುವುದು ಕ್ಷೇಮ. ಸಾಬೂನಿನ ವಿದ್ಯೆಯೆಲ್ಲ ಇಷ್ಟರಲ್ಲಿಯೇ ಇದೆ: ಅಳೆಯಬಾರದು, ತೂಗಬೇಕು.

ಬೂದಿನೀರಿನಿಂದ ಆಗದೇ ಎಂದು ಕೇಳುವವರಿದ್ದಾರೆ. ಅಡಿಕೆಸಿಪ್ಪೆಯ ಬೂದಿಯಲ್ಲಾಗಲಿ, ಬಾಳೆದಿಂಡಿನ ಬೂದಿಯಲ್ಲಾಗಲಿ ಇರುವುದು ಪೊಟ್ಯಾಶ್. ಅದರಿಂದಾಗುವ ಸಾಬೂನು ಮೆತ್ತಗೆ ಬೆಣ್ಣೆಯಂತೆ ಉಳಿಯುತ್ತದೆ, ಬಿಲ್ಲೆ ಕಟ್ಟುವುದಿಲ್ಲ. ಬೂದಿಯ ಸತ್ವವೂ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಹೊಸಬರು ಅದರ ತಂಟೆಗೆ ಹೋಗದಿರುವುದು ಒಳಿತು.

ನಮ್ಮ ಮೊದಲ ಪಾಕ

ಈ ಲೆಕ್ಕ ಗೊತ್ತಿಲ್ಲದೆ ನಾವು ಕೆಲಸಕ್ಕೆ ಇಳಿದೆವು. ಎಣ್ಣೆಯನ್ನು ಲೀಟರಿನಲ್ಲಿ ಅಳೆದೆವು, ಕಾಸ್ಟಿಕ್ಕನ್ನು ಲೋಟದಲ್ಲಿ. ಅಗಲ ಬಾಯಿಯದೆಂದು ಅಲ್ಯೂಮಿನಿಯಂ ಪಾತ್ರೆ ಆರಿಸಿಕೊಂಡೆವು. ಕಾಸ್ಟಿಕ್ ನೀರು ಹೊಯ್ದ ಕೂಡಲೆ ಪಾತ್ರೆ ಕಪ್ಪಾಗಿ ಬುಸುಗುಟ್ಟಿ ಉಕ್ಕತೊಡಗಿತು. ಕಾಸ್ಟಿಕ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಆಗ ಹೊರಡುವ ಜಲಜನಕ ಬೆಂಕಿ ಕಂಡರೆ ಹೊತ್ತಿಕೊಳ್ಳುತ್ತದೆ. ಪುಣ್ಯಕ್ಕೆ ಹತ್ತಿರ ಒಲೆ ಇರಲಿಲ್ಲ. ಅದನ್ನು ಅಂಗಳದ ಮೂಲೆಗೆ ಚೆಲ್ಲಿ, ಸ್ಟೀಲು ಪಾತ್ರೆಯಲ್ಲಿ ಮತ್ತೆ ಶುರುಮಾಡಿದೆವು.

ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಗಂಡಾಂತರ ಕಾದಿತ್ತು. ಮಿಕ್ಕ ಕಾಸ್ಟಿಕ್ ನೀರನ್ನು ನೀರು ಕುಡಿಯುವ ಸ್ಟೀಲು ಲೋಟದಲ್ಲಿಯೇ ಜಗುಲಿಯ ಮೇಲೆ ಇಟ್ಟಿದ್ದೆವು. ಆಟವಾಡಿ ಬಾಯಾರಿ ಬಂದ ನಾಲ್ಕು ವರ್ಷದ ಮಗು ಅದನ್ನು ಎತ್ತಿ ಬಾಯಿಯ ಹತ್ತಿರಕ್ಕೆ ಒಯ್ದಿತು. ಬಾಗಿಲಲ್ಲಿ ಕೂತಿದ್ದ ಅತ್ತೆಯವರು ಕಂಡು ಲೋಟವನ್ನು ತಟ್ಟಿ ಬೀಳಿಸಿದರು. ಮಗುವಿಗೆ ಏನೂ ಆಗಲಿಲ್ಲ. ಅತ್ತೆಯವರ ಮುಂಗೈಗೆ ನಾಲ್ಕು ಹನಿ ಸಿಡಿಯಿತು. ಗಾಬರಿಯಲ್ಲಿ ನಾವು ನಿಂಬೆಹುಳಿ ಹಚ್ಚಿದೆವು. ಅದೂ ತಪ್ಪು, ತಕ್ಷಣ ನೀರು ಹೊಯ್ಯಬೇಕಿತ್ತು. ಆ ಗುರುತು ಇಂದಿಗೂ ಇದೆ. ಕೆಟ್ಟ ಸಾಬೂನನ್ನು ಸರಿಪಡಿಸಬಹುದು, ಇದನ್ನು ಸರಿಪಡಿಸಲಾಗದು. ಆದ್ದರಿಂದ ಮುಂದಿನ ಮಾತುಗಳನ್ನು ದಯಮಾಡಿ ಮೊದಲು ಓದಿ.

ಮೊದಲು ಎಚ್ಚರಿಕೆ

1. ಕಾಸ್ಟಿಕ್ಕನ್ನು ನೀರಿಗೆ ಹಾಕಬೇಕು. ಕಾಸ್ಟಿಕ್ಕಿನ ಮೇಲೆ ನೀರು ಹೊಯ್ಯಲೇಬಾರದು, ಸಿಡಿಯುತ್ತದೆ.

2. ಬಯಲಿನಲ್ಲಿ, ಗಾಳಿ ಬರುವ ದಿಕ್ಕಿಗೆ ನಿಂತು ಕಲಸಬೇಕು. ಆವಿ ಮೂಗಿಗೆ ಹೋಗಬಾರದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ, ಮೈತುಂಬ ಬಟ್ಟೆ ಇರಲಿ.

3. ಸ್ಟೀಲು ಅಥವಾ ಗಟ್ಟಿ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಅಲ್ಯೂಮಿನಿಯಂ, ತವರದ ಕಲಾಯಿ ಯಾವುದೂ ಬೇಡ. ಸಾಬೂನಿಗೆ ಬಳಸಿದ ಪಾತ್ರೆ, ಕೋಲು ಮತ್ತೆ ಅಡುಗೆಮನೆಗೆ ಬರಬಾರದು.

4. ಕಾಸ್ಟಿಕ್ ನೀರನ್ನು ಲೋಟದಲ್ಲಿ, ಶರಬತ್ತಿನ ಬಾಟಲಿಯಲ್ಲಿ ಇಡಬೇಡಿ. ಆಗಿನದು ಆಗಲೇ ಕಲಸಿ ಮುಗಿಸಿ. ಮಕ್ಕಳು, ದನಕರು, ಕೋಳಿ ದೂರವಿರಲಿ.

5. ಮೈಗೆ ಸಿಡಿದರೆ ಹರಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ತೊಳೆಯಿರಿ. ಹುಳಿ, ವಿನೆಗರ್ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ಹಾಗೆಯೇ ತೊಳೆದು ಆಸ್ಪತ್ರೆಗೆ ಹೋಗಿ. ಯಾರಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಒಯ್ಯಿರಿ.

ಅರ್ಧ ಕಿಲೋ ಎಣ್ಣೆಯ ಪಾಕ

ಮೊದಲ ಸಲ ಅರ್ಧ ಕಿಲೋ ಸಾಕು. ಕೆಟ್ಟರೂ ನಷ್ಟ ಕಡಿಮೆ. ಇದು ತೋಟದಿಂದ ಬಂದು ಕೈ ತೊಳೆಯುವ ಸಾಬೂನು.

ತೆಂಗಿನೆಣ್ಣೆ 300 ಗ್ರಾಂ
ಹೊಂಗೆ ಎಣ್ಣೆ 150 ಗ್ರಾಂ
ಹರಳೆಣ್ಣೆ 50 ಗ್ರಾಂ
ಕಾಸ್ಟಿಕ್ ಸೋಡ 76 ಗ್ರಾಂ
ಮಳೆನೀರು 180 ಗ್ರಾಂ
ಫಿಲ್ಟರಿನಲ್ಲಿ ಉಳಿದ ಕಾಫಿ ಚರಟ, ಒಣಗಿಸಿದ್ದು, 2 ಚಮಚ

ತೆಂಗಿನೆಣ್ಣೆ ನೊರೆ ಮತ್ತು ಗಟ್ಟಿತನ ಕೊಡುತ್ತದೆ. ಹರಳೆಣ್ಣೆ ನೊರೆ ನಿಲ್ಲಿಸುತ್ತದೆ. ಹೊಂಗೆಯ ಘಾಟು ಹಿಡಿಸದವರು ಅದರ ಬದಲು ಅಷ್ಟೇ ತೂಕದ ಕಡಲೆಕಾಯಿ ಎಣ್ಣೆ ಹಾಕಬಹುದು. ಕಾಸ್ಟಿಕ್ ತೂಕ ಬದಲಿಸಬೇಕಾಗಿಲ್ಲ. ಬೇರೆ ಎಣ್ಣೆಯಾದರೆ ಲೆಕ್ಕ ಹೊಸದಾಗಿ ಹಾಕಬೇಕು. ಗ್ರಾಂ ತೋರಿಸುವ ಸಣ್ಣ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ.

ಮಾಡುವ ಕ್ರಮ ಹೀಗಿದೆ. ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಹಾಕಿ, ಹರಳು ಪೂರಾ ಕರಗುವವರೆಗೆ ಕದಡಿ. ನೀರು ತಾನೇ ಕುದಿಯುವಷ್ಟು ಬಿಸಿಯಾಗುತ್ತದೆ, ಆರಲು ಬಿಡಿ. ಎಣ್ಣೆಗಳನ್ನು ಬೇರೆ ಪಾತ್ರೆಯಲ್ಲಿ ಬೆಚ್ಚಗೆ ಮಾಡಿ. ಎರಡು ಪಾತ್ರೆಗಳೂ ಹೊರಗಿನಿಂದ ಮುಟ್ಟಿದರೆ ಹಾಲಿಗೆ ಹೆಪ್ಪು ಹಾಕುವಷ್ಟು ಬೆಚ್ಚಗಿರುವಾಗ, ಅಂದರೆ ಸುಮಾರು 40 ಡಿಗ್ರಿಯಲ್ಲಿ, ಕಾಸ್ಟಿಕ್ ನೀರನ್ನು ಎಳೆಯಾಗಿ ಎಣ್ಣೆಗೆ ಹೊಯ್ಯುತ್ತ ಕದಡಬೇಕು. ಹಳೆಯ ಮರದ ಕಡೆಗೋಲು ಇದಕ್ಕೆ ಚೆನ್ನ. ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಹಿಡಿಯಬಹುದು. ಪಾಕ ದೋಸೆಹಿಟ್ಟಿನ ಹದಕ್ಕೆ ಬಂದು, ಕೋಲಿನಿಂದ ತೊಟ್ಟಿಕ್ಕಿದ ಎಳೆ ಮೇಲೆಯೇ ಗೆರೆಯಾಗಿ ನಿಂತರೆ ಹದವಾಯಿತು. ಆಗ ಕಾಫಿ ಚರಟ ಬೆರೆಸಿ ಅಚ್ಚಿಗೆ ಹೊಯ್ಯಿರಿ.

ಅಚ್ಚಿಗೆ ಕಾಗದ ಹಾಸಿದ ಮರದ ಪೆಟ್ಟಿಗೆ ಉತ್ತಮ. ನಾವು ಅಡಿಕೆ ಹಾಳೆಯ ದೊನ್ನೆಗೂ ಹೊಯ್ದು ನೋಡಿದೆವು. ಸಾಬೂನು ಬಿಟ್ಟುಬಂದಿತು, ತಳಕ್ಕೆ ಮಾತ್ರ ಹಾಳೆಯ ಕಂದು ಬಣ್ಣ ಹತ್ತಿತು. ಎರಡು ದಿನದ ಮೇಲೆ ಗವಸು ತೊಟ್ಟು ಬಿಲ್ಲೆ ಕತ್ತರಿಸಿ, ಗಾಳಿಯಾಡುವ ನೆರಳಿನಲ್ಲಿ ನಾಲ್ಕು ವಾರ ಒಣಗಿಸಬೇಕು. ಅವಸರ ಮಾಡಿದರೆ ಸಾಬೂನು ಬೇಗ ಕರಗುತ್ತದೆ.

ತೊಂದರೆ ಮತ್ತು ಪರಿಹಾರ

ಬೆಣ್ಣೆಯಂತೆ ಮೆತ್ತಗಿದೆ: ನೀರು ಹೆಚ್ಚಾಗಿರಬೇಕು, ಇಲ್ಲವೆ ಕಾಸ್ಟಿಕ್ ಹಳೆಯದಾಗಿರಬೇಕು. ಡಬ್ಬದ ಮುಚ್ಚಳ ಸಡಿಲವಿದ್ದರೆ ಕಾಸ್ಟಿಕ್ ಗಾಳಿಯ ತೇವ ಕುಡಿದು ಸತ್ವ ಕಳೆದುಕೊಳ್ಳುತ್ತದೆ. ನಮ್ಮ ಎರಡನೆಯ ಪಾಕ ಹೀಗೆಯೇ ಆಯಿತು. ಎರಡು ವಾರ ಕಾದು ನೋಡಿ. ಗಟ್ಟಿಯಾಗದಿದ್ದರೆ ಬಟ್ಟೆ ಒಗೆಯಲು ಬಳಸಿ.

ಮೇಲೆ ಎಣ್ಣೆ ನಿಂತಿದೆ: ಹದ ಬರುವ ಮೊದಲೇ ಅಚ್ಚಿಗೆ ಹೊಯ್ದಿದ್ದೀರಿ. ಕೆಳಗೆ ಉಳಿದ ನೀರು ಕಾಸ್ಟಿಕ್ಕೇ, ಬರಿಗೈ ಹಾಕಬೇಡಿ. ಎಲ್ಲವನ್ನೂ ಪಾತ್ರೆಗೆ ಸುರಿದು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಹದ ಬರುವವರೆಗೆ ಮತ್ತೆ ಕದಡಿ.

ಮೇಲೆ ಬಿಳಿ ಹುಡಿ ಕಟ್ಟಿದೆ: ಗಾಳಿ ಸೋಕಿ ಆದ ಸೋಡ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಕತ್ತರಿಸಿದಾಗ ಒಳಗೆ ಬಿಳಿ ಹರಳು ಅಥವಾ ನೀರಿನ ಗುಳಿ ಕಂಡರೆ ಅದು ಬೇರೆ ಮಾತು. ಕರಗದ ಕಾಸ್ಟಿಕ್ ಅದು. ಅಂಥದ್ದನ್ನು ಬಳಸದೆ ಮತ್ತೆ ಕರಗಿಸಬೇಕು.

ಹುಡಿಹುಡಿಯಾಗಿ ಒಡೆಯುತ್ತದೆ, ಕೈ ಉರಿಯುತ್ತದೆ: ಕಾಸ್ಟಿಕ್ ಹೆಚ್ಚಾಗಿದೆ. ನಾಲಿಗೆಗೆ ಮುಟ್ಟಿಸಿ ನೋಡುವ ರೂಢಿಯುಂಟು, ನಾವು ಬೇಡವೆನ್ನುತ್ತೇವೆ. ಶಾಲೆಯ ಪ್ರಯೋಗಶಾಲೆಯಲ್ಲಿರುವ ಫಿನಾಲ್ಫ್ತಲೀನ್ ದ್ರಾವಣದ ಒಂದು ಹನಿಯನ್ನು ಕತ್ತರಿಸಿದ ಮುಖಕ್ಕೆ ಬಿಟ್ಟರೆ ಕಡುಗುಲಾಬಿ ಬಣ್ಣ ಬರುತ್ತದೆ. ತೆಳು ಗುಲಾಬಿಯಾದರೆ ಹೆದರಬೇಕಿಲ್ಲ.

ನಮ್ಮ ಮೊದಲ ಪಾಕದ ರೋಗ ಇದೇ. ಅದೇ ಲೋಟವನ್ನು ಮತ್ತೆ ತುಂಬಿ ತೂಗಿದಾಗ ಕಾಸ್ಟಿಕ್ 100 ಗ್ರಾಂ ಬಂದಿತು. ಅರ್ಧ ಲೀಟರ್ ಎಣ್ಣೆ ಅರ್ಧ ಕಿಲೋ ಅಲ್ಲ, ಸುಮಾರು 457 ಗ್ರಾಂ ಮಾತ್ರ. ಅಷ್ಟು ತೆಂಗಿನೆಣ್ಣೆಗೆ ಬೇಕಾದದ್ದು 82 ಗ್ರಾಂ ಕಾಸ್ಟಿಕ್. ಅಂದರೆ 18 ಗ್ರಾಂ ಹೆಚ್ಚು. ಅದನ್ನು ಮುರಿಯಲು 100 ಗ್ರಾಂ ಎಣ್ಣೆ, ಕ್ಷೇಮಕ್ಕೆ ಇನ್ನೊಂದು 25 ಗ್ರಾಂ. ಗವಸು ತೊಟ್ಟು ಸಾಬೂನನ್ನು ತುರಿದು, ಒಂದು ಲೋಟ ನೀರು ಮತ್ತು 125 ಗ್ರಾಂ ಎಣ್ಣೆ ಸೇರಿಸಿ, ಕುದಿಯುವ ನೀರಿನ ಪಾತ್ರೆಯೊಳಗೆ ಇಟ್ಟು ಎರಡು ಗಂಟೆ ಬೇಯಿಸಿ ಕದಡಿದೆವು. ನೋಡಲು ಅವಲಕ್ಷಣವಾದರೂ ಕೈ ಉರಿಯಲಿಲ್ಲ. ಬರೆದಿಟ್ಟ ಲೆಕ್ಕ ಇಲ್ಲದಿದ್ದರೆ ಈ ಉಪಾಯವೂ ಇಲ್ಲ. ಆದುದರಿಂದ ಪ್ರತಿ ಪಾಕದ ತೂಕವನ್ನೂ ತಾರೀಕು ಸಹಿತ ಪುಸ್ತಕದಲ್ಲಿ ಬರೆದಿಡಿ.

ಕದಡುವಾಗಲೇ ಗಟ್ಟಿಯಾಯಿತು: ಸುವಾಸನೆಗೆಂದು ಲವಂಗದೆಣ್ಣೆ ಹಾಕಿದರೆ ಹೀಗಾಗುವುದುಂಟು. ತಡಮಾಡದೆ ಅಚ್ಚಿಗೆ ಒತ್ತಿಬಿಡಿ. ಮೊದಲ ಪಾಕಕ್ಕೆ ಸುವಾಸನೆಯೇ ಬೇಡ.

ಕಿತ್ತಳೆ ಚುಕ್ಕೆ, ಕಮಟು ವಾಸನೆ: ಹಳಸಿದ ಎಣ್ಣೆಯ ಫಲ. ಕರಿದು ಉಳಿದ ಎಣ್ಣೆ, ವರ್ಷದ ಹಿಂದಿನ ಎಣ್ಣೆ ಸಾಬೂನಿಗೂ ಆಗದು.

ನೊರೆಯೇ ಬರುವುದಿಲ್ಲ: ಸಾಬೂನನ್ನು ಬಯ್ಯುವ ಮೊದಲು ನೀರನ್ನು ನೋಡಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯ ಕಡೆ ಸಾವಿರ ಅಡಿಗೂ ಮಿಕ್ಕಿ ಕೊರೆದ ಕೊಳವೆಬಾವಿಗಳುಂಟು. ಗಡಸು ನೀರಿನ ಸುಣ್ಣದಂಶ ಸಾಬೂನನ್ನು ಹಿಡಿದು ಬಿಳಿ ಕೆನೆಯಾಗಿಸಿ ಬಕೆಟ್ಟಿಗೆ ಅಂಟಿಸುತ್ತದೆ. ಅದೇ ಬಿಲ್ಲೆಯನ್ನು ಮಳೆನೀರಿನಲ್ಲಿ ಉಜ್ಜಿ ನೋಡಿ, ವ್ಯತ್ಯಾಸ ತಿಳಿಯುತ್ತದೆ. ಕಾಸ್ಟಿಕ್ ಕರಗಿಸಲು ಮಳೆನೀರನ್ನೇ ಹೇಳಿದ್ದು ಇದಕ್ಕಾಗಿ.

ಕೊನೆಯಲ್ಲಿ ಎರಡು ಮಾತು

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತರಕಾರಿ ಬೆಳೆಯ ಕೀಟಗಳ ಹತೋಟಿಗೆ ಬೇವಿನ ಸಾಬೂನು, ಹೊಂಗೆ ಸಾಬೂನುಗಳನ್ನು ರೂಪಿಸಿದೆ. ಅವುಗಳ ಪಾಕವೇ ಬೇರೆ. ನಾವು ಹೇಳಿದ ಕೈಸಾಬೂನನ್ನು ಕರಗಿಸಿ ಗಿಡಕ್ಕೆ ಸಿಂಪಡಿಸಬೇಡಿ, ಎಲೆ ಸುಡಬಹುದು. ಹಾಗೆಯೇ ಮನೆಬಳಕೆಗೆ ಮಾಡುವುದು ಬೇರೆ, ಮಾರುವುದು ಬೇರೆ. ಮೈಸಾಬೂನು ಮಾಡಿ ಮಾರಲು ಪರವಾನಗಿ ಬೇಕು. ಔಷಧ ನಿಯಂತ್ರಣದ ಅಧಿಕಾರಿಗಳಲ್ಲಿ ವಿಚಾರಿಸಿಕೊಂಡು ಮುಂದುವರಿಯಿರಿ.

ಈ ಸಾಬೂನಿನಿಂದ ಎಲ್ಲವೂ ಆಗುತ್ತದೆಂದು ನಾವು ಹೇಳುವುದಿಲ್ಲ. ಗ್ರೀಸು, ಮಣ್ಣು ಚೆನ್ನಾಗಿ ಹೋಗುತ್ತವೆ. ಕಾಫಿ ಚರಟ ಬೆರಳ ಸಂದಿನ ಕೊಳೆ ತೆಗೆಯುತ್ತದೆ. ಚೊಗರಿನ ಕರೆಗೆ ಮಾತ್ರ ಹುಣಸೆಹಣ್ಣೇ ಮೇಲು. ಆದರೆ ಮನೆಯ ಎಣ್ಣೆ, ಮನೆಯ ಮಳೆನೀರು ಮನೆಯ ಕೆಲಸಕ್ಕೇ ಒದಗಿದ ಸಮಾಧಾನ ಸಣ್ಣದಲ್ಲ. ಈಗ ಸಾಬೂನು ಮಾಡುವ ದಿನ ತಕ್ಕಡಿಯನ್ನು ತಂದಿಡುವುದು ನಾವು; ಜಗುಲಿಯಿಂದ ಲೋಟಗಳನ್ನೆಲ್ಲ ಎತ್ತಿ ಒಳಗಿಡುವುದು ಅತ್ತೆಯವರು. ಅದಾದ ಮೇಲೆಯೇ ಕಾಸ್ಟಿಕ್ ಡಬ್ಬದ ಮುಚ್ಚಳ ತೆರೆಯುವುದು.